ಬಾಟಲಿ ಬಿಟ್ಟ ಮೇಲೆ ಉಳಿಯುವ ಬೇಜಾರು

ಅಸರ್ ನಮಾಝ್ ಮುಗಿದಿತ್ತು. ಮಕ್ಕಳು ಕಿತಾಬುಗಳನ್ನು ಮಡಚಿಟ್ಟು ಗದ್ದಲ ಮಾಡುತ್ತಾ ಮನೆ ಕಡೆ ಓಡಿದ್ದರು. ಆ ಮಕ್ಕಳಲ್ಲೊಬ್ಬಳ ತಾಯಿ ಮಾತ್ರ ಹೋಗದೆ ಬಾಗಿಲ ಹತ್ತಿರವೇ ನಿಂತಿದ್ದಳು. ಒಳಗೆ ಬಾ ಎಂದೆ. ಬಂದು ಚಾಪೆಯ ಅಂಚಿಗೆ ಕುಳಿತಳು. ಸ್ವಲ್ಪ ಹೊತ್ತು ಸುಮ್ಮನಿದ್ದು ನಂತರ ಹೇಳಿದಳು:

"ಆಪಾ, ನಮ್ಮನೆಯವರು ಕುಡಿಯೋದು ಬಿಟ್ಟು ನಲವತ್ತು ದಿನ ಆಯ್ತು."

"ಅಲ್‌ಹಮ್ದುಲಿಲ್ಲಾಹ್! ಇದಕ್ಕಿಂತ ಒಳ್ಳೆಯ ಸುದ್ದಿ ಏನಿದೆ?" ಎಂದೆ.

ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ. "ಸುದ್ದಿ ಒಳ್ಳೆಯದೇ ಆಪಾ. ಆದರೆ ಮನೆಯೊಳಗೆ ಹುಲಿ ಕೂತಂಗೆ ಕೂತಿರ್ತಾರೆ. ಮಾತಾಡಿಸಿದರೆ ಸಿಡುಕು, ಮಾತಾಡಿಸದಿದ್ದರೆ ಇನ್ನೂ ಸಿಡುಕು. ಏನಾಯ್ತು ಅಂತ ಕೇಳಿದರೆ ‘ಬೇಜಾರು’ ಅಂತಾರೆ. ಕುಡೀತಿದ್ದಾಗ ಯಾವಾಗ ಕೋಪ ಬರುತ್ತೆ, ಯಾವಾಗ ಇಳಿಯುತ್ತೆ ಅಂತ ನನಗೆ ಗೊತ್ತಿತ್ತು. ಈಗ ಅದೂ ಗೊತ್ತಾಗಲ್ಲ. ಒಮ್ಮೊಮ್ಮೆ ಮೊದಲಿನಂಗೆ ಇದ್ದಿದ್ದರೇ ಚೆನ್ನಾಗಿತ್ತೇನೋ ಅನಿಸಿಬಿಡುತ್ತೆ. ಇಂಥಾ ಯೋಚನೆ ಬರೋದು ಗುನಾಹ್ ಅಲ್ವಾ?"

ಕುಡಿತ ಬಿಡಿಸುವುದರ ಬಗ್ಗೆ ಬೇಕಾದಷ್ಟು ಉಪದೇಶ ನನ್ನ ಬಳಿ ಇತ್ತು. ಬಿಟ್ಟವನ ಮನೆಯಲ್ಲಿ ಹೀಗೂ ಆಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. "ಸಬ್ರ್ ಮಾಡು, ಅಲ್ಲಾಹನು ದಾರಿ ತೋರಿಸುತ್ತಾನೆ" ಎಂದು ಹೇಳಿ ಕಳುಹಿಸಿಕೊಟ್ಟೆ. ಆ ಮಾತು ತಪ್ಪಲ್ಲ. ಆದರೆ ಅದಷ್ಟೇ ಸಾಲದು ಎಂಬುದು ಮೂರು ದಿನಗಳ ನಂತರ ತಿಳಿಯಿತು. ನಲವತ್ತಮೂರನೆಯ ದಿನ ಆತ ಮತ್ತೆ ಕುಡಿದು ಬಂದಿದ್ದ.

ಇದು ಕೆಲವು ವರ್ಷಗಳ ಹಿಂದಿನ ಮಾತು. ಆ ಮನೆಯ ಹೆಸರು ನಮಗೆ ಬೇಡ, ಏಕೆಂದರೆ ಇಂತಹ ಮನೆ ಪ್ರತಿ ಊರಿನಲ್ಲೂ ಇದೆ.

ಅಂಗಡಿ ದೂರವಾದರೆ ಸಾಕೇ?

ನಮ್ಮ ಹೊಸಹಳ್ಳಿ ಹೆದ್ದಾರಿಯ ಪಕ್ಕದ ಊರು. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ಲಾರಿಗಳು ಹಗಲು ರಾತ್ರಿ ಈ ದಾರಿಯಲ್ಲೇ ಓಡುತ್ತವೆ. ಕೂಡ್ಲಿಗಿ ತಾಲೂಕು ಮಳೆಯನ್ನೇ ನಂಬಿದ ಸೀಮೆ. ಶೇಂಗಾ, ಜೋಳ, ಮೆಕ್ಕೆಜೋಳ ಕೈ ಹಿಡಿದರೆ ಸರಿ, ಇಲ್ಲದಿದ್ದರೆ ಗಂಡಸರು ಲಾರಿ ಹತ್ತುತ್ತಾರೆ ಅಥವಾ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಸಂಡೂರು, ಬಳ್ಳಾರಿಯ ಗಣಿಗಳು ಜೋರಾಗಿ ನಡೆಯುತ್ತಿದ್ದ ದಿನಗಳಲ್ಲಿ ಎಷ್ಟೋ ಯುವಕರು ಅದಿರಿನ ಲಾರಿ ಓಡಿಸಿದರು. ಕೈತುಂಬ ದುಡ್ಡು ಬಂತು, ಕಣ್ಣಿಗೆ ನಿದ್ದೆ ಇರಲಿಲ್ಲ. ದಣಿವು ಮರೆಯಲು ಒಂದು ಗ್ಲಾಸು ಎಂದು ಶುರುವಾಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಬಳ್ಳಾರಿಯ ಗಣಿಗಾರಿಕೆ ನಿಂತಾಗ ಲಾರಿಗಳೂ ನಿಂತವು, ಗ್ಲಾಸು ನಿಲ್ಲಲಿಲ್ಲ. ನಾನು ಹೇಳುತ್ತಿರುವ ಮನೆಯ ಯಜಮಾನನ ಕಥೆಯೂ ಇದೇ.

ಕಾನೂನು ಏನೂ ಮಾಡಿಲ್ಲ ಎಂದಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಪ್ಯಾಕೆಟ್ ಹೋಯಿತು, ಅದರ ಜಾಗಕ್ಕೆ ಅಗ್ಗದ ಬೇರೆ ಮದ್ಯ ಬಂತು. 2016ರ ಡಿಸೆಂಬರಿನಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗಿನ ಮದ್ಯದಂಗಡಿಗಳನ್ನು ತೆಗೆಯಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು, 2017ರಲ್ಲಿ ಆ ಆದೇಶ ಸಡಿಲವಾಯಿತು. 2019ರ ಜನವರಿಯಲ್ಲಿ ಸಾವಿರಾರು ಬಡ ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನ ವರೆಗೆ ಕಾಲ್ನಡಿಗೆಯಲ್ಲಿ ಹೋದರು. ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವಿರುವ ಕೂಡ್ಲಿಗಿಯ ಜನರಿಗೆ ಆ ಮಹಿಳೆಯರ ಕೂಗು ಅರ್ಥವಾಗದೇ ಇರುವಂಥದ್ದಲ್ಲ. ಮದ್ಯಪಾನದ ವಿರುದ್ಧ ಜೀವನಪೂರ್ತಿ ಮಾತನಾಡಿದವರು ಗಾಂಧೀಜಿ.

ಕೇಂದ್ರ ಸರಕಾರದ ಪರವಾಗಿ ಏಮ್ಸ್ ತಜ್ಞರು ಮಾಡಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಮಂದಿ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 5.7 ಕೋಟಿ ಮಂದಿಗೆ ಚಿಕಿತ್ಸೆಯ ಅಥವಾ ಸಹಾಯದ ಅಗತ್ಯವಿದೆ. ಅಂಗಡಿ ದೂರವಾಗುವುದು ಒಳ್ಳೆಯದೇ. ಆದರೆ ಮನಸ್ಸಿನೊಳಗಿನ ಅಂಗಡಿ ಮುಚ್ಚದಿದ್ದರೆ ಮನುಷ್ಯ ಐದು ಮೈಲಿಯನ್ನಾದರೂ ನಡೆದು ಹೋಗುತ್ತಾನೆ.

ಮೊದಲು ದೇಹದ ಮಾತು

ಮನಸ್ಸಿನ ವಿಷಯಕ್ಕೆ ಬರುವ ಮೊದಲು ಗೃಹಿಣಿಯರು ತಿಳಿದಿರಲೇಬೇಕಾದ ಎರಡು ಸಂಗತಿಗಳನ್ನು ಹೇಳಿಬಿಡುತ್ತೇನೆ.

ನಮ್ಮಲ್ಲಿ ಅನೇಕರು ರಮಝಾನ್ ಚಂದ್ರ ಕಂಡ ದಿನ ಕುಡಿತ ಬಿಡುತ್ತಾರೆ. ಸಂಕಲ್ಪ ಒಳ್ಳೆಯದೇ. ಆದರೆ ಹಲವು ವರ್ಷಗಳಿಂದ ದಿನಾ ವಿಪರೀತ ಕುಡಿಯುತ್ತಿದ್ದವನು ಒಮ್ಮೆಗೇ ನಿಲ್ಲಿಸಿದರೆ ದೇಹ ತತ್ತರಿಸುತ್ತದೆ. ಮೊದಲ ದಿನವೇ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬರುವುದಿಲ್ಲ. ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡನೆಯ ಅಥವಾ ಮೂರನೆಯ ದಿನ ಕೆಲವರಿಗೆ ದಿಕ್ಕು ತಪ್ಪಿದಂತಾಗಿ, ಇಲ್ಲದ್ದು ಕಾಣಿಸಿ, ಇಲ್ಲದ ಮಾತು ಕೇಳಿಸುತ್ತದೆ. ಇದು ಪ್ರಾಣಕ್ಕೇ ಅಪಾಯ. ಈ ಮನೆಯಲ್ಲೂ ಹಾಗೆಯೇ ಆಯಿತು. ಮೂರನೆಯ ರೋಝಾದ ರಾತ್ರಿ ಆತ ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎಂದು ಕಿರುಚಿದ. ಜಿನ್ನ್ ಮೆಟ್ಟಿಕೊಂಡಿದೆ ಎಂದು ಯಾರೋ ಹೇಳಿದರು. ತಾಯಿತ ಬಂತು, ಹೊಗೆ ಹಾಕಿದರು. ಬೆಳಗಾಗುವ ಹೊತ್ತಿಗೆ ಒಬ್ಬ ನೆರೆಯವರು ಬುದ್ಧಿವಂತಿಕೆ ತೋರಿಸಿ ಆಸ್ಪತ್ರೆಗೆ ಕರೆದೊಯ್ದರು. ಔಷಧ, ವಿಟಮಿನ್ ಬಿ1, ಗ್ಲೂಕೋಸ್, ನಿದ್ದೆ ಇವುಗಳಿಂದ ಕೆಲವೇ ದಿನಗಳಲ್ಲಿ "ಜಿನ್ನ್" ಇಳಿಯಿತು. ಆದ್ದರಿಂದ ಬಹಳ ಕುಡಿಯುವವರು ವೈದ್ಯರನ್ನು ಕಂಡೇ ಬಿಡಬೇಕು. ರೋಗಿಗೆ ರೋಝಾದಲ್ಲಿ ರಿಯಾಯಿತಿ ಇದೆ ಎಂಬುದನ್ನು ಮರೆಯಬಾರದು.

ಎರಡನೆಯದು: ಗಂಡನಿಗೆ ಗೊತ್ತಾಗದಂತೆ ಚಹಾದಲ್ಲೋ ಸಾರಿನಲ್ಲೋ "ಕುಡಿತ ಬಿಡಿಸುವ ಪುಡಿ" ಬೆರೆಸುವುದು. ಇಂತಹ ಪುಡಿ, ಮಾತ್ರೆಗಳಲ್ಲಿ ಡೈಸಲ್ಫಿರಾಮ್ ಎಂಬ ಔಷಧ ಇರಬಹುದು. ಅದು ದೇಹದಲ್ಲಿದ್ದಾಗ ಮದ್ಯ ಒಳಗೆ ಹೋದರೆ ಎದೆ ಬಡಿತ ಹೆಚ್ಚುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯಬಹುದು, ಜೀವವೂ ಹೋಗಬಹುದು. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ವೈದ್ಯರ ನಿಗಾದಲ್ಲಿ ಮಾತ್ರ ಕೊಡಬೇಕಾದ ಔಷಧ ಅದು. ಚಪಲವನ್ನು ಕಡಿಮೆ ಮಾಡುವ ಬೇರೆ ಔಷಧಗಳೂ ಇವೆ. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ವೈದ್ಯರು ಕೇಳಿದ ಪ್ರಶ್ನೆ

ಆತ ಮತ್ತೆ ಕುಡಿದ ಸುದ್ದಿ ಕೇಳಿ ನನಗೆ ಸಿಟ್ಟು ಬಂತು. ದಾರಿಯಲ್ಲಿ ಸಿಕ್ಕಾಗ "ಮಗಳು ಕುರ್‌ಆನ್ ಓದುತ್ತಾಳೆ, ನಿಮಗೆ ನಾಚಿಕೆ ಆಗುವುದಿಲ್ಲವೇ ಭಾಯ್?" ಎಂದುಬಿಟ್ಟೆ. ಆತ ತಲೆ ತಗ್ಗಿಸಿ ಹೋದ. ಅಂದು ರಾತ್ರಿ ಇನ್ನೂ ಹೆಚ್ಚು ಕುಡಿದ. ನನ್ನ ಮಾತಿಗೂ ಆ ರಾತ್ರಿಗೂ ಸಂಬಂಧವಿತ್ತು ಎಂಬುದು ಆಮೇಲೆ ತಿಳಿಯಿತು.

ಆ ಹೆಣ್ಣುಮಗಳು ಧೈರ್ಯಗೆಡಲಿಲ್ಲ. ಗಂಡನನ್ನು ಕರೆದುಕೊಂಡು ಮನೋವೈದ್ಯರ ಬಳಿಗೆ ಹೋದಳು. ವೈದ್ಯರು ಏಕೆ ಕುಡಿದೆ ಎಂದು ಗದರಲಿಲ್ಲವಂತೆ. "ಕುಡಿಯುವ ಮೊದಲು ಏನಾಯಿತು? ಅಂದು ಬೆಳಗ್ಗೆಯಿಂದ ಹೇಳಿ" ಎಂದರಂತೆ. ಮೊದಲು ಆತ ಹೇಳಿದ್ದು ಒಂದೇ ಶಬ್ದ: "ಬೇಜಾರು." ವೈದ್ಯರು ಬಿಡಲಿಲ್ಲ. ನಿಧಾನವಾಗಿ ಒಂದೊಂದೇ ಹೊರಬಂತು.

ಹಿಂದಿನ ರಾತ್ರಿ ಲೋಡು ಇಳಿಸಿ ಬಂದದ್ದರಿಂದ ನಿದ್ದೆ ಇರಲಿಲ್ಲ. ಬೆಳಗ್ಗೆ ನಾಷ್ಟಾ ಮಾಡಿರಲಿಲ್ಲ. ಅಂದು ಹೆಂಡತಿಯ ತಂಗಿಯ ಮಂಗ್ನಿ. ಮಾವನವರು ಸಾಮಾನು ತರಲು ದುಡ್ಡು ಕೊಡುವಾಗ ಎದುರಿಗೇ ನಿಂತಿದ್ದ ಹಿರಿಯ ಅಳಿಯನನ್ನು ಬಿಟ್ಟು ಹದಿನೆಂಟು ವರ್ಷದ ಹುಡುಗನ ಕೈಗೆ ಕೊಟ್ಟರು. ಯಾರೂ ಏನೂ ಹೇಳಲಿಲ್ಲ. ಆದರೆ ಎಲ್ಲರೂ ನೋಡಿದರು. ಆತ ಊಟಕ್ಕೆ ಕೂರದೆ ಹೊರಟುಬಂದ. ಬಸ್ ನಿಲ್ದಾಣದಲ್ಲಿ ಒಬ್ಬನೇ ಎರಡು ತಾಸು ಕುಳಿತ. ನಂತರ ಕಾಲು ತಾನಾಗಿಯೇ ಅಂಗಡಿಯ ಕಡೆ ನಡೆಯಿತು.

"ನೋಡಿ, ನಿಮ್ಮ ಒಂದು ಬೇಜಾರಿನೊಳಗೆ ಹಸಿವು, ನಿದ್ದೆಗೇಡು, ಅವಮಾನ, ಒಂಟಿತನ ಎಂಬ ನಾಲ್ಕು ಬೇಜಾರುಗಳಿವೆ. ಮೊದಲ ಎರಡಕ್ಕೆ ಅನ್ನ ಮತ್ತು ಹಾಸಿಗೆ ಸಾಕಾಗಿತ್ತು" ಎಂದರಂತೆ ವೈದ್ಯರು.

ಆಕೆ ಬಂದು ಇದನ್ನು ಹೇಳಿದಾಗ ನಾನು ಬಹಳ ಹೊತ್ತು ಯೋಚಿಸಿದೆ. ನಾವು "ಬೇಜಾರು" ಎಂಬ ಒಂದೇ ಚೀಲದೊಳಗೆ ಏನೆಲ್ಲ ತುಂಬುತ್ತೇವೆ! ದುಃಖವಾದರೂ ಬೇಜಾರು, ಸಿಟ್ಟಾದರೂ ಬೇಜಾರು. ಸಾಲಗಾರ ಬಂದರೂ ಬೇಜಾರು, ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು. ಗಂಡಸರಿಗಂತೂ ಚಿಕ್ಕಂದಿನಿಂದಲೇ "ಗಂಡಸಾಗಿ ಅಳುತ್ತೀಯಾ?" ಎಂದು ಕೇಳಿ ಬೇರೆ ಶಬ್ದಗಳೆಲ್ಲ ಬಾಯಿಗೆ ಬಾರದಂತೆ ಮಾಡಿರುತ್ತೇವೆ. ಉಳಿಯುವುದು ಎರಡೇ, ಸಿಟ್ಟು ಮತ್ತು ಬೇಜಾರು.

ತಜ್ಞರು ಏನನ್ನುತ್ತಾರೆ?

ತನ್ನ ಭಾವನೆ ಯಾವುದೆಂದು ಗುರುತಿಸಲು, ಅದನ್ನು ಮಾತಿನಲ್ಲಿ ಹೇಳಲು ಕೆಲವರಿಗೆ ಆಗುವುದಿಲ್ಲ. 1970ರ ದಶಕದ ಆರಂಭದಲ್ಲಿ ಪೀಟರ್ ಸಿಫ್ನಿಯೋಸ್ ಎಂಬ ಮನೋವೈದ್ಯರು ಈ ಸ್ಥಿತಿಗೆ ಅಲೆಕ್ಸಿಥೀಮಿಯಾ ಎಂದು ಹೆಸರಿಟ್ಟರು. ಭಾವನೆಗೆ ಶಬ್ದವಿಲ್ಲದಿರುವುದು ಎಂದು ಅದರ ಅರ್ಥ. ವ್ಯಸನಿಗಳಲ್ಲಿ ಇದು ಇತರರಿಗಿಂತ ಹೆಚ್ಚಾಗಿ ಕಾಣುತ್ತದೆ ಎಂದು ಅನೇಕ ಅಧ್ಯಯನಗಳು ಹೇಳಿವೆ. ಮನಸ್ಸಿನಲ್ಲಿ ಏನೋ ಕುದಿಯುತ್ತಿದೆ, ಅದೇನೆಂದು ತಿಳಿಯುತ್ತಿಲ್ಲ. ತಿಳಿಯದ್ದನ್ನು ಸರಿಪಡಿಸುವುದು ಹೇಗೆ? ಆಗ ಗೊತ್ತಿರುವ ಒಂದೇ ಮದ್ದು ಬಾಟಲಿ.

ಅಮೇರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಮತ್ತು ಅವರ ಸಂಗಡಿಗರು ವ್ಯಸನ ಬಿಟ್ಟು ಮತ್ತೆ ಜಾರಿಬಿದ್ದವರನ್ನು ಅಧ್ಯಯನ ಮಾಡಿ 1980ರಲ್ಲಿ ಫಲಿತಾಂಶ ಪ್ರಕಟಿಸಿದರು. 311 ಪ್ರಸಂಗಗಳನ್ನು ಪರಿಶೀಲಿಸಿದಾಗ ಶೇ. 35ರಲ್ಲಿ ಜಾರಲು ಕಾರಣವಾದದ್ದು ಕೋಪ, ಆತಂಕ, ಖಿನ್ನತೆ, ಬೇಸರಗಳಂತಹ ಭಾವನೆಗಳು. ಶೇ. 20ರಲ್ಲಿ ಸ್ನೇಹಿತರ ಒತ್ತಾಯ. ಶೇ. 16ರಲ್ಲಿ ಇತರರೊಂದಿಗಿನ ಜಗಳ. ನಾವೆಲ್ಲ "ಕೆಟ್ಟ ಸಹವಾಸ" ಎಂದು ಸ್ನೇಹಿತರನ್ನಷ್ಟೇ ಬಯ್ಯುತ್ತೇವೆ. ಅತಿ ಕೆಟ್ಟ ಸಹವಾಸ ತನ್ನೊಳಗಿನ ಹೆಸರಿಲ್ಲದ ಭಾವನೆಯದ್ದು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಇನ್ನೊಂದು ಪರೀಕ್ಷೆ ನಡೆಸಿದರು. ಕೋಪ, ಭಯ ತುಂಬಿದ ಮುಖಗಳ ಚಿತ್ರಗಳನ್ನು ತೋರಿಸಿ, ಆ ಭಾವನೆಗೆ ಹೆಸರು ಆರಿಸುವಂತೆ ಕೇಳಿ, ಅದೇ ವೇಳೆ ಮೆದುಳನ್ನು ಸ್ಕ್ಯಾನ್ ಮಾಡಿದರು. ಭಾವನೆಗೆ ಹೆಸರು ಕೊಟ್ಟಾಗ ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತು. ಅಳುವ ಮಗುವನ್ನು "ಹಸಿವಾಯ್ತಾ? ಹೆದರಿಕೆ ಆಯ್ತಾ?" ಎಂದು ಕೇಳಿ ಸಮಾಧಾನ ಮಾಡುವ ತಾಯಂದಿರಿಗೆ ಇದು ಹೊಸ ವಿಷಯವೇನಲ್ಲ.

ವ್ಯಸನಮುಕ್ತರ ಸಂಘಗಳಲ್ಲಿ ನಾಲ್ಕು ಎಚ್ಚರಿಕೆಗಳನ್ನು ಹೇಳಿಕೊಡುತ್ತಾರೆ: ಹಸಿವು, ಕೋಪ, ಒಂಟಿತನ, ದಣಿವು. ಇವುಗಳಲ್ಲಿ ಯಾವುದು ಬಂದರೂ ನಿಂತು ನೋಡು ಎಂಬುದು ಅವರ ಪಾಠ. ನಮ್ಮೂರಿನ ಲಾರಿ ಚಾಲಕನಿಗೆ ಆ ಒಂದೇ ದಿನ ನಾಲ್ಕೂ ಒಟ್ಟಿಗೆ ಬಂದಿದ್ದವು.

ಚಪಲವೂ ಅಷ್ಟೇ. ಅದು ಅಲೆಯಂತೆ ಏರಿ ಇಳಿಯುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತದೆ. ಕುಡಿಯುವವರೆಗೂ ಅದು ಏರುತ್ತಲೇ ಹೋಗುತ್ತದೆ ಎಂದು ವ್ಯಸನಿ ನಂಬಿರುತ್ತಾನೆ. ಒಂದೆರಡು ಸಲ ಕುಡಿಯದೆ ಅದು ಇಳಿಯುವುದನ್ನು ಸ್ವತಃ ಕಂಡರೆ ಅವನಿಗೆ ಬರುವ ಧೈರ್ಯ ಉಪದೇಶದಿಂದ ಬರುವಂಥದ್ದಲ್ಲ.

ನಮಗೆ ಹೊಸತಲ್ಲ

ಇದನ್ನೆಲ್ಲ ಓದುವಾಗ ಮದ್ರಸದಲ್ಲಿ ಕಲಿತ ಪಾಠಗಳು ನನಗೆ ನೆನಪಾದವು. ಮದ್ಯವನ್ನು ಅಲ್ಲಾಹನು ಒಂದೇ ದಿನದಲ್ಲಿ ನಿಷೇಧಿಸಲಿಲ್ಲ. ಅದರಲ್ಲಿ ಲಾಭಕ್ಕಿಂತ ಪಾಪ ದೊಡ್ಡದು ಎಂದು ಮೊದಲು ಅಲ್‌ಬಕರಃ ಅಧ್ಯಾಯದಲ್ಲಿ ತಿಳಿಸಲಾಯಿತು. ಅಮಲಿನಲ್ಲಿ ನಮಾಝ್‌ನ ಬಳಿ ಸುಳಿಯಬೇಡಿ ಎಂದು ನಂತರ ಅನ್ನಿಸಾದಲ್ಲಿ ಆದೇಶ ಬಂತು. ಕೊನೆಗೆ ಅಲ್‌ಮಾಇದಃದಲ್ಲಿ ಪೂರ್ಣ ನಿಷೇಧ ಬಂತು. ಅನ್ನಿಸಾದ ಆ ಆದೇಶದಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ತಾನು ಏನು ಹೇಳುತ್ತಿದ್ದೇನೆಂಬುದು ತನಗೆ ತಿಳಿಯುವವರೆಗೆ ನಮಾಝ್‌ಗೆ ಬರಬಾರದು. ಅಂದರೆ ತನ್ನ ಬಗ್ಗೆ ತನಗೆ ಅರಿವಿರಬೇಕು.

ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ ಮುಹಾಸಬದ ಬಗ್ಗೆ, ಅಂದರೆ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವುದರ ಬಗ್ಗೆ ಒಂದು ಇಡೀ ಭಾಗವನ್ನೇ ಬರೆದಿದ್ದಾರೆ. ವ್ಯಾಪಾರಿಯೊಬ್ಬ ತನ್ನ ಪಾಲುದಾರನ ಜೊತೆ ಬೆಳಗ್ಗೆ ಕರಾರು ಮಾಡಿ, ಹಗಲು ಗಮನವಿಟ್ಟು, ಸಂಜೆ ಲೆಕ್ಕ ಕೇಳುವಂತೆ ಮನುಷ್ಯನು ತನ್ನ ನಫ್ಸ್‌ನೊಂದಿಗೆ ನಡೆದುಕೊಳ್ಳಬೇಕು ಎಂಬುದು ಅವರ ಹೋಲಿಕೆ. ಕೋಪ ಬಂದಾಗ ನಿಂತವನು ಕುಳಿತುಕೊಳ್ಳಲಿ, ಆಗಲೂ ಇಳಿಯದಿದ್ದರೆ ಮಲಗಿಕೊಳ್ಳಲಿ ಎಂದು ಪ್ರವಾದಿ(ಸ)ರು ಕಲಿಸಿದರು. ಹಾಗೆ ಮಾಡಲು ಮೊದಲು "ನನಗೆ ಈಗ ಕೋಪ ಬಂದಿದೆ" ಎಂದು ತಿಳಿಯಬೇಕಲ್ಲವೇ?

ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಸಹೀಹ್ ಬುಖಾರಿಯಲ್ಲಿರುವ ಒಂದು ಘಟನೆ. ಕುಡಿದ ತಪ್ಪಿಗೆ ಮತ್ತೆ ಮತ್ತೆ ಶಿಕ್ಷೆಗೊಳಗಾಗುತ್ತಿದ್ದ ಒಬ್ಬ ವ್ಯಕ್ತಿಯನ್ನು ಯಾರೋ ಶಪಿಸಿದರು. ಪ್ರವಾದಿ(ಸ)ರು ತಡೆದರು. ಆತನು ಅಲ್ಲಾಹನನ್ನೂ ಆತನ ರಸೂಲರನ್ನೂ ಪ್ರೀತಿಸುವವನು ಎಂದರು. ಶಿಕ್ಷೆ ರದ್ದಾಗಲಿಲ್ಲ, ಆದರೆ ಶಾಪಕ್ಕೆ ಅನುಮತಿ ಸಿಗಲಿಲ್ಲ. ಮಾರ್ಲಟ್ ಕೂಡ ಇದಕ್ಕೆ ಹತ್ತಿರದ ಒಂದು ಸಂಗತಿಯನ್ನು ಗುರುತಿಸಿದ್ದಾರೆ. ಒಮ್ಮೆ ಜಾರಿದವನು "ನಾನು ಕೆಲಸಕ್ಕೆ ಬಾರದವನು" ಎಂದುಕೊಂಡಾಗ ಆ ನಾಚಿಕೆಯೇ ಅವನನ್ನು ಮತ್ತಷ್ಟು ಕುಡಿಯುವಂತೆ ಮಾಡುತ್ತದೆ. ದಾರಿಯಲ್ಲಿ ನಾನು ಆಡಿದ ಮಾತು ಆ ರಾತ್ರಿ ಮಾಡಿದ್ದು ಅದನ್ನೇ. ಈ ಹದೀಸನ್ನು ಎಷ್ಟೋ ಸಲ ಪಾಠ ಮಾಡಿದ್ದ ನಾನೇ ಅದನ್ನು ಮರೆತಿದ್ದೆ.

ಒಂದು ನೋಟು ಪುಸ್ತಕ

ವೈದ್ಯರು ಆ ದಂಪತಿಗೆ ಒಂದು ಸರಳ ಕೆಲಸ ಕೊಟ್ಟರು. ಮಗಳ ಹಳೆಯ ನೋಟು ಪುಸ್ತಕದಲ್ಲಿ ದಿನಾ ರಾತ್ರಿ ನಾಲ್ಕು ಸಾಲು ಬರೆಯುವುದು. ಇಂದು ಯಾವಾಗ ಬೇಜಾರಾಯಿತು? ಅದಕ್ಕೆ ಮೊದಲು ಏನಾಯಿತು? ಮೈಯಲ್ಲಿ ಎಲ್ಲಿ ಅನಿಸಿತು, ಎದೆಯಲ್ಲೋ, ಹೊಟ್ಟೆಯಲ್ಲೋ, ತಲೆಯಲ್ಲೋ? ಆ ಬೇಜಾರಿನ ನಿಜವಾದ ಹೆಸರೇನು?

ಆತ ಹೆಚ್ಚು ಓದಿದವನಲ್ಲ. ಮೊದಲ ವಾರ ಪುಟವೆಲ್ಲ "ಬೇಜಾರು, ಬೇಜಾರು" ಎಂದೇ ಇತ್ತಂತೆ. ಎರಡನೆಯ ವಾರ "ಹಸಿವು" ಬಂತು. ಆಮೇಲೆ "ಸಾಲದ ಭಯ". ಒಂದು ತಿಂಗಳ ನಂತರ ಒಂದು ದಿನ "ಮಗಳು ನನ್ನನ್ನು ಕಂಡು ಅಡಿಗೆಮನೆಗೆ ಹೋದಳು, ನಾಚಿಕೆ" ಎಂದು ಬರೆದಿದ್ದನಂತೆ. ಆ ಸಾಲನ್ನು ನನಗೆ ಹೇಳುವಾಗ ಅವಳ ಕಣ್ಣು ತುಂಬಿತ್ತು. "ಹದಿಮೂರು ವರ್ಷದಲ್ಲಿ ಅವರ ಬಾಯಿಂದ ಈ ಮಾತು ಕೇಳಿರಲಿಲ್ಲ ಆಪಾ" ಎಂದಳು.

ಹೆಸರು ಸಿಕ್ಕಿದ ಮೇಲೆ ಮದ್ದು ಹುಡುಕುವುದು ಸುಲಭ. ಹಸಿವಾದರೆ ಊಟ. ಈಗ ಲಾರಿಯಲ್ಲಿ ಹುರಿದ ಶೇಂಗಾ ಮತ್ತು ಬೆಲ್ಲದ ಡಬ್ಬಿ ಇರುತ್ತದೆ. ದಣಿವಾದರೆ ನಿದ್ದೆ. ಒಂಟಿತನವಾದರೆ ಫೋನು ಅಥವಾ ಮಸೀದಿಯ ಜಮಾಅತ್. ಸಾಲದ ಭಯವಾದರೆ ಸಾಲಗಾರನೊಂದಿಗೆ ಕುಳಿತು ಕಂತಿನ ಮಾತು. ಅವಮಾನಕ್ಕೆ ಮಾತ್ರ ಬೇಗ ಮದ್ದಿಲ್ಲ. ಕಳೆದುಹೋದ ವಿಶ್ವಾಸ ಒಂದೇ ದಿನದಲ್ಲಿ ಹಿಂದೆ ಬರುವುದಿಲ್ಲ ಎಂಬುದನ್ನು ಆತನೂ ಒಪ್ಪಿಕೊಳ್ಳಬೇಕಾಯಿತು.

ಇನ್ನೊಂದು ಎಚ್ಚರ. ಸಂತೋಷವೂ ಅಪಾಯ ತರಬಹುದು. ಹಬ್ಬ, ಮದುವೆ, ಕೈಗೆ ಬಂದ ಒಟ್ಟು ಹಣ, "ಈಗ ನಾನು ಪೂರ್ತಿ ಗುಣವಾಗಿದ್ದೇನೆ" ಎಂಬ ಭರವಸೆ. ಇಂತಹ ದಿನಗಳಲ್ಲೂ ನೋಟು ಪುಸ್ತಕ ಮುಚ್ಚಬಾರದು.

ಹೆಂಡತಿಯ ಪುಸ್ತಕ

ಸಹೋದರಿಯರೇ, ಇಲ್ಲಿಯವರೆಗೆ ಗಂಡನ ಮಾತಾಯಿತು. ಹೆಂಡತಿಗೆ ಭಾವನೆಗಳಿಲ್ಲವೇ?

ಅಂದು ಚಾಪೆಯ ಅಂಚಿನಲ್ಲಿ ಕುಳಿತು ಅವಳು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಮನಸ್ಸಿನಲ್ಲಿ ಸುಳಿದುಹೋಗುವ ಯೋಚನೆ ಗುನಾಹ್ ಅಲ್ಲ. ವರ್ಷಗಟ್ಟಲೆ ಬಾಗಿಲ ಸದ್ದಿಗೆ ಬೆಚ್ಚಿದವಳ ದೇಹ, ಬಾಟಲಿ ಹೋದ ಮರುದಿನವೇ ಬೆಚ್ಚುವುದನ್ನು ಬಿಡುವುದಿಲ್ಲ. ಗಂಡ ಕುಡಿಯುವಾಗ ಅವಳಿಗೆ ಸಿಟ್ಟಾಗಲು ಪುರುಸೊತ್ತು ಇರಲಿಲ್ಲ. ಮಕ್ಕಳ ಹೊಟ್ಟೆ, ಬಾಡಿಗೆ, ನೆಂಟರ ಮುಂದೆ ಮಾನ ಇದೇ ಚಿಂತೆ. ಆತ ಬಿಟ್ಟ ಮೇಲೆ ಹಳೆಯ ಸಿಟ್ಟೆಲ್ಲ ಒಂದೊಂದಾಗಿ ಮೇಲೆ ಬರುತ್ತದೆ. "ಈಗ ಒಳ್ಳೆಯವರಾದಿರಿ, ನನ್ನ ಕಿವಿಯ ಬಂಗಾರ ಹೋದಾಗ ಎಲ್ಲಿದ್ದಿರಿ?" ಎಂದು ಬಾಯಿಗೆ ಬರುತ್ತದೆ. ಅದು ನ್ಯಾಯವಾದ ಸಿಟ್ಟೇ. ಆದರೆ ಆತ ಹಸಿದು, ದಣಿದು ಬಂದ ಗಳಿಗೆಯಲ್ಲಿ ಅದನ್ನು ಹೇಳಬೇಕೇ ಎಂಬುದನ್ನು ಯೋಚಿಸಬೇಕು. ಹೇಳಬೇಕು, ಆದರೆ ಕುಳಿತು ಮಾತನಾಡುವ ಹೊತ್ತು ಗೊತ್ತುಮಾಡಿಕೊಂಡು ಹೇಳಬೇಕು.

ಅವಳೂ ತನ್ನದೊಂದು ಪುಸ್ತಕ ಇಟ್ಟಳು. ತನ್ನ "ಸಬ್ರ್" ಎಂಬ ಶಬ್ದದೊಳಗೂ ಭಯ, ಸಿಟ್ಟು, ದಣಿವು ಎಲ್ಲ ಇದ್ದವು ಎಂದು ಅವಳಿಗೆ ಆಗ ಗೊತ್ತಾಯಿತಂತೆ. ಅಮೇರಿಕದಲ್ಲಿ 1935ರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ ಶುರುವಾಯಿತು. ವ್ಯಸನಿಗಳ ಮನೆಯವರಿಗಾಗಿ 1951ರಲ್ಲಿ ಅಲ್-ಅನಾನ್ ಎಂಬ ಬೇರೆ ಸಂಘವೇ ಹುಟ್ಟಿತು. ಅದನ್ನು ಕಟ್ಟಿದವರು ಇಂತಹ ಮನೆಗಳ ಹೆಂಡತಿಯರೇ. ಮನೆಯವರಿಗೂ ಗುಣವಾಗಬೇಕಾದ ಗಾಯವಿದೆ ಎಂದು ಅವರು ಅನುಭವದಿಂದ ಅರಿತಿದ್ದರು.

ಒಂದು ಮಾತು ಸ್ಪಷ್ಟವಾಗಲಿ. ಗಂಡನ ಭಾವನೆಗಳನ್ನು ತಿಳಿದುಕೊಳ್ಳುವುದೆಂದರೆ ಹೊಡೆತ ಸಹಿಸಿಕೊಳ್ಳುವುದಲ್ಲ. ಭಾವನೆಗೆ ಕಾರಣ ಏನೇ ಇರಲಿ, ಕೈ ಎತ್ತುವುದಕ್ಕೆ ಅದು ಪರವಾನಗಿಯಲ್ಲ. ಅಂತಹ ಮನೆಯಲ್ಲಿ ಮೊದಲ ಕೆಲಸ ತನ್ನ ಮತ್ತು ಮಕ್ಕಳ ರಕ್ಷಣೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ಇದೆ. 181 ಮಹಿಳಾ ಸಹಾಯವಾಣಿ ಇದೆ, ತುರ್ತಿಗೆ 112 ಇದೆ. ಗಂಡ ಕುಡಿದದ್ದು ಹೆಂಡತಿಯ ತಪ್ಪಿನಿಂದಲ್ಲ. ಆತ ಬಿಡುವುದೂ ಅವಳೊಬ್ಬಳ ಕೈಯಲ್ಲಿಲ್ಲ.

ಎಲ್ಲಿಗೆ ಹೋಗಬೇಕು?

ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕು ಎಂದು ನಮ್ಮ ಭಾಗದ ಜನ ತಿಳಿದಿದ್ದಾರೆ. ಇಡೀ ದೇಶಕ್ಕೆ ಈ ವಿಷಯದಲ್ಲಿ ದಾರಿ ತೋರಿಸಿದ್ದು ನಮ್ಮದೇ ಜಿಲ್ಲೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 1980ರ ದಶಕದ ಮಧ್ಯದಿಂದ 1990ರ ವರೆಗೆ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸುವ, ಚಿಕಿತ್ಸೆ ನೀಡುವ ತರಬೇತಿ ಕೊಟ್ಟಿತು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲವೂ ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಈ "ಬಳ್ಳಾರಿ ಮಾದರಿ"ಯನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. 2021ರಲ್ಲಿ ನಾವು ವಿಜಯನಗರ ಜಿಲ್ಲೆಯವರಾದೆವು. ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಮನೋವೈದ್ಯರು ಯಾವಾಗ, ಎಲ್ಲಿ ಸಿಗುತ್ತಾರೆ ಎಂಬುದು ತಿಳಿಯುತ್ತದೆ.

ಫೋನಿನಲ್ಲೇ ಮಾತನಾಡಬೇಕೆಂದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ರಾಜ್ಯದ ಹಲವೆಡೆ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸಿದ್ದಾರೆ. ಅಲ್ಲಿಂದ ಬಂದವರು ಮತ್ತೆ ಜಾರದಂತೆ ಒಟ್ಟಿಗೆ ಸೇರಲು ನವಜೀವನ ಸಮಿತಿಗಳನ್ನು ಮಾಡಿದ್ದಾರೆ. ಎಂಟು ದಿನಗಳ ಶಿಬಿರಕ್ಕಿಂತ ಆಮೇಲಿನ ಒಡನಾಟ ದೊಡ್ಡದು ಎಂಬುದನ್ನು ಅವರೂ ಅರಿತಿದ್ದಾರೆ. ನಮ್ಮ ಮಸೀದಿ ಕಮಿಟಿಗಳು ಇದರಿಂದ ಕಲಿಯಬೇಕಾದದ್ದಿದೆ. ಜುಮಾ ಖುತ್ಬಾದಲ್ಲಿ ಮದ್ಯದ ಕೆಡುಕನ್ನು ಹೇಳುತ್ತೇವೆ. ಬಿಟ್ಟು ಬಂದವನು ಸಫ್‌ನಲ್ಲಿ ನಿಂತಾಗ ಪಕ್ಕದವನು ಮೂಗು ಮುರಿಯುತ್ತಾನೆ. ಅವನಿಗೆ ಸಲಾಮ್ ಹೇಳಿ, ಚಹಾಕ್ಕೆ ಕರೆದು ಕೂರಿಸುವ ನಾಲ್ಕು ಜನ ಇದ್ದರೆ ಅವನ ಸಂಜೆಯ ಆ ಕೆಟ್ಟ ಅರ್ಧ ಗಂಟೆ ದಾಟಿಹೋಗುತ್ತದೆ.

ಆ ಮನೆ ಈಗ

ಆ ಮನೆಯ ಕಥೆ ಸುಖಾಂತವಾಯಿತು ಎಂದು ಬರೆದುಬಿಡಲು ನನಗೆ ಧೈರ್ಯವಿಲ್ಲ. ನೋಟು ಪುಸ್ತಕ ಶುರುವಾದ ಮೇಲೂ ಆತ ಒಮ್ಮೆ ಜಾರಿದ, ತಂದೆ ತೀರಿಕೊಂಡ ವಾರದಲ್ಲಿ. ಆದರೆ ಮರುದಿನ ಬೆಳಗ್ಗೆ ತಾನಾಗಿಯೇ ವೈದ್ಯರ ಬಳಿಗೆ ಹೋದ. ಪುಸ್ತಕದಲ್ಲಿ "ಅಬ್ಬಾನ ಹತ್ತಿರ ಮಾಫಿ ಕೇಳೋದು ಉಳೀತು" ಎಂದು ಬರೆದಿದ್ದ. ಅದಾಗಿ ಈಗ ಎರಡು ವರ್ಷ ದಾಟಿದೆ. ಹೋದ ವರ್ಷ ಅವರ ಮನೆಯ ಒಂದು ಸಮಾರಂಭಕ್ಕೆ ಮಾವನವರು ಅಡಿಗೆ ಸಾಮಾನಿನ ಚೀಟಿಯನ್ನೂ ದುಡ್ಡನ್ನೂ ಆತನ ಕೈಗೇ ಕೊಟ್ಟರಂತೆ. ಉಳಿದ ಚಿಲ್ಲರೆಯನ್ನು ಆತ ಎಲ್ಲರೆದುರು ಎಣಿಸಿ ಹಿಂದೆ ಕೊಟ್ಟನಂತೆ.

ದಾರಿಯಲ್ಲಿ ಸಿಕ್ಕಾಗ ನಾನು ಅಂದಿನ ನನ್ನ ಮಾತಿಗೆ ಕ್ಷಮೆ ಕೇಳಿದೆ. "ಬಿಡಿ ಆಪಾ, ಆವತ್ತು ನಿಮಗೂ ಬೇಜಾರಾಗಿತ್ತು" ಎಂದು ನಕ್ಕ.

ಮೊನ್ನೆ ಆ ಹುಡುಗಿ ಪಾಠಕ್ಕೆ ಬಂದವಳು ತನ್ನ ಮನೆಯ ಸುದ್ದಿ ಹೇಳಿದಳು. ಅಬ್ಬಾ ರಾತ್ರಿ ಲಾರಿ ನಿಲ್ಲಿಸಿ ಮನೆಗೆ ಬಂದು ಸುಮ್ಮನೆ ಕುಳಿತರೆ ಅವಳು ಈಗ ಅಡಿಗೆಮನೆಗೆ ಓಡುವುದಿಲ್ಲ. ಎದುರಿಗೆ ಕುಳಿತು "ಅಬ್ಬಾ, ಇವತ್ತು ಯಾವ ಬೇಜಾರು?" ಎಂದು ಕೇಳುತ್ತಾಳೆ.

ಹೆಚ್ಚಿನ ದಿನಗಳಲ್ಲಿ ಅವರ ಉತ್ತರ ಒಂದೇ ಅಂತೆ: "ಹಸಿವಿಂದು ಬೇಟಾ. ರೊಟ್ಟಿ ಹಾಕೋಕೆ ಹೇಳು."